ಗೋವೆಯಲ್ಲಿ ಜಾಗ ಕೊಳ್ಳುವ ಮುನ್ನ: ಸೆಪ್ಟಿಕ್ ಟ್ಯಾಂಕಿಗೆ ನೆಲ ಒಗ್ಗುತ್ತದೆಯೇ?

ಮಲಪ್ರಭೆ

ಎಲ್ಲರಿಗೂ ನಮಸ್ಕಾರ. ಪರ್ವರಿಯಲ್ಲಿ ಬಾಡಿಗೆ ಕಟ್ಟಿ ಸಾಕಾಗಿದೆ. ಬಾರ್ದೇಸ್ ತಾಲ್ಲೂಕಿನ ಒಂದು ಒಳಹಳ್ಳಿಯಲ್ಲಿ 450 ಚದರ ಮೀಟರ್ ಜಾಗ ನೋಡಿದ್ದೇವೆ. ರಸ್ತೆಯ ಕಡೆ 18 ಮೀಟರ್, ಒಳಕ್ಕೆ 25 ಮೀಟರ್. ರಸ್ತೆ ಪಶ್ಚಿಮಕ್ಕಿದೆ. ಅಲ್ಲಿಂದ ಪೂರ್ವದ ಗಡಿಗೆ ಹೋಗುವಷ್ಟರಲ್ಲಿ ನೆಲ ಸುಮಾರು ಒಂದೂವರೆ ಮೀಟರ್ ಇಳಿಯುತ್ತದೆ. ಗಡಿಯ ಆಚೆ, ಇಳಿಜಾರಿನ ಕೆಳಗೆ, ನೆರೆಯವರ ಬಾವಿ ಇದೆ.

ವಸತಿ ವಲಯದಲ್ಲಿದೆ, ಭೂ ಪರಿವರ್ತನೆಯ ಸನದು ಇದೆ, ಒಂದು-ಹದಿನಾಲ್ಕು ನಮೂನೆಯಲ್ಲಿ (ಇಲ್ಲಿನ ಪಹಣಿ) ಗೇಣಿದಾರರ ಕಾಲಂ ಖಾಲಿ ಇದೆ. ಕಾಗದಪತ್ರಗಳ ಬಗ್ಗೆ ವಕೀಲರಿಗೆ ಸಮಾಧಾನವಾಗಿದೆ. ನನಗಿನ್ನೂ ಆಗಿಲ್ಲ, ಏಕೆಂದರೆ ಊರಿಗೆ ಒಳಚರಂಡಿ ಇಲ್ಲ. ಕೇಳಿದರೆ ಏಜೆಂಟ್ ನಗುತ್ತಾನೆ. "ಸಾಹೇಬರೇ, ಇಲ್ಲಿ ಎಲ್ಲರ ಮನೆಗೂ ಸೆಪ್ಟಿಕ್ ಟ್ಯಾಂಕೇ. ಹಿತ್ತಲ ಮೂಲೆಯಲ್ಲಿ ಒಂದು ಗುಂಡಿ ತೋಡಿದರೆ ಮುಗಿಯಿತು" ಎನ್ನುತ್ತಾನೆ. ಮನೆಯಲ್ಲಿ ನಾವು ಐದು ಜನ. ಅಮ್ಮನಿಗೆ ಸ್ವಂತ ಬಾವಿ ಬೇಕೆಂಬ ಆಸೆಯೂ ಇದೆ. ಮುಂಗಡ ಕೊಡುವ ಮುನ್ನ ನೆಲದಲ್ಲಿ ಏನೇನು ನೋಡಬೇಕು, ತಿಳಿದವರು ಹೇಳಿ.

ವಾಸ್ಕೋ ಹಳಬ

ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ. ಪಣಜಿ, ಮಡಗಾಂವ್, ವಾಸ್ಕೋದಂಥ ಕಡೆ ಕೆಲವು ಭಾಗಗಳಿಗೆ ಒಳಚರಂಡಿ ಇದೆ. ಹಳ್ಳಿಗಳಲ್ಲಿ ಹೆಚ್ಚಿನವರು ಟ್ಯಾಂಕನ್ನೇ ನಂಬಿದ್ದಾರೆ. "ಗುಂಡಿ ತೋಡಿದರೆ ಮುಗಿಯಿತು" ಎಂಬ ಉಳಿದರ್ಧ ಅವನ ಕಮಿಷನ್ನಿನ ಮಾತು. ಕರಣಿ ಅಣ್ಣ ಈ ಕಡೆ ಬಂದರೆ ವಿವರವಾಗಿ ಹೇಳುತ್ತಾರೆ, ಕಾಯಿರಿ.

ಕರಣಿ

ಬಂದೆ. ಬಾಗಲಕೋಟೆಯಿಂದ ಗೌಂಡಿ ಕೆಲಸಕ್ಕೆ ಬಂದವನು, ಈಗ ಸಣ್ಣ ಗುತ್ತಿಗೆದಾರ. ಗೋವೆಯ ನೆಲವನ್ನು ಅಗೆದೇ ಬದುಕಿದ್ದೇನೆ.

ಮಲಪ್ರಭೆಯವರೇ, ಮೊದಲು ಟ್ಯಾಂಕ್ ಬೇರೆ, ಇಂಗುಗುಂಡಿ ಬೇರೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಟ್ಯಾಂಕ್ ಎಂದರೆ ಸೋರಬಾರದ ತೊಟ್ಟಿ. ಅದರಲ್ಲಿ ಗಟ್ಟಿಯಾದದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಹೊರಗೆ, ಅದನ್ನು ನೆಲಕ್ಕೆ ಇಂಗಿಸುವ ಇಂಗುಗುಂಡಿಗೆ, ಹೋಗುತ್ತದೆ. ಆ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳು ತುಂಬಿಕೊಂಡೇ ಇರುತ್ತವೆ. ಅದನ್ನು ಸೋಸುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ಟ್ಯಾಂಕನ್ನು ದುಡ್ಡಿದ್ದರೆ ಎಲ್ಲಿ ಬೇಕಾದರೂ ಕಟ್ಟಬಹುದು. ಮಣ್ಣು ಜಾಗದ ಜೊತೆಗೇ ಬರುವುದು, ಬದಲಿಸಿ ಕೊಡಿ ಎಂದು ಕೇಳಲಾಗದು. ಆದ್ದರಿಂದ ನೀವು ಪರೀಕ್ಷಿಸಬೇಕಾದುದು ಮಣ್ಣನ್ನು.

ಅಳತೆಗಳು ಹೀಗಿವೆ. ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಗೆ 18 ಮೀಟರಿಗಿಂತ ಹತ್ತಿರ ಇರಬಾರದು, ವಾಸದ ಮನೆಗೆ 6 ಮೀಟರಿಗಿಂತ ಹತ್ತಿರ ಇರಬಾರದು. ಇದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು. ಟ್ಯಾಂಕಿಗೆ ಐಎಸ್ 2470 ಎಂಬ ಭಾರತೀಯ ಮಾನಕ ಇದೆ. ಅಗಲ ಕನಿಷ್ಠ 75 ಸೆಂಟಿಮೀಟರ್, ನೀರಿನ ಆಳ ಕನಿಷ್ಠ ಒಂದು ಮೀಟರ್, ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು. ಐದು ಜನರಿಗೆ ಒಂದೂವರೆ ಮೀಟರ್ ಉದ್ದದ ಸಣ್ಣ ಟ್ಯಾಂಕ್ ಸಾಕೆಂದು ಕೋಷ್ಟಕ ಹೇಳುತ್ತದೆ. ನಾನು ಹತ್ತು ಜನರ ಲೆಕ್ಕ ಹಿಡಿಯುತ್ತೇನೆ, 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ನೀರಿನ ಆಳ 1.4 ಮೀಟರ್. ಗೋವೆಯಲ್ಲಿ ಮನೆ ಕಟ್ಟಿದರೆ ಮೇ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡದ ಬಂಧುಬಳಗವೆಲ್ಲ ನಿಮ್ಮ ಮನೆಯಲ್ಲೇ. ಕೋಷ್ಟಕ ಬರೆದವರಿಗೆ ಅದು ಗೊತ್ತಿರಲಿಲ್ಲ.

ಈಗ ಟೇಪು ಹಿಡಿದು ನೆರೆಯವರ ಬಾವಿಯಿಂದ ನಿಮ್ಮ ಗಡಿಗೆ ಎಷ್ಟು ದೂರ ಎಂದು ಅಳೆದು ಬನ್ನಿ. ಒಂದು ಬಾವಿಯನ್ನಷ್ಟೇ ಅಳೆದು ನಿಲ್ಲಬೇಡಿ, ನಾಲ್ಕೂ ದಿಕ್ಕಿನ ಬಾವಿಗಳನ್ನು ಅಳೆಯಿರಿ. ಹಾಗೆಯೇ ನೆರೆಯವರ ಇಂಗುಗುಂಡಿಗಳು ಎಲ್ಲಿವೆ ಎಂದು ಕೇಳಿ ಬರೆದುಕೊಳ್ಳಿ. ಅಮ್ಮನ ಬಾವಿಯ ಭವಿಷ್ಯ ಅವುಗಳ ಕೈಯಲ್ಲಿದೆ.

ಅಂಜುನಾ ದಾರಿ

ಇಷ್ಟೊಂದು ಹೆದರಿಸಬೇಡಿ. ನಮ್ಮ ವಾಡೆಯ (ಕೇರಿಯ) ಹಳೆಯ ಮನೆಗಳಲ್ಲಿ ಬಾವಿಗೂ ಗುಂಡಿಗೂ ನಡುವೆ ಹತ್ತು ಹೆಜ್ಜೆಯೂ ಇಲ್ಲ. ತಲೆಮಾರುಗಳಿಂದ ಕುಡಿಯುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಈಗಂತೂ ಅಸ್ನೋಡಾದ ನೀರು ಶುದ್ಧೀಕರಣ ಘಟಕದಿಂದ ನಲ್ಲಿ ನೀರು ಬರುತ್ತದೆ. ಬಾವಿ ನೀರು ಕುಡಿಯುವವರು ಯಾರು?

ಶಿರಸಿಯ ಸೊಸೆ

ನಾನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಲ್ಲಿ ಕೈಕೊಟ್ಟ ದಿನ ಯಾರು ಬಾವಿ ನೀರು ಕುಡಿಯುತ್ತಾರೆ ಎಂದು ನಿಮ್ಮ ವಾಡೆಯಲ್ಲೇ ಕೇಳಿ ನೋಡಿ, ಅಣ್ಣ.

ಹಳೆಯ ಮನೆಗಳ ವಿಚಾರ ಬೇರೆ. ಆ ಕಾಲದ ಗೋವೆಯ ಹಳ್ಳಿಗಳಲ್ಲಿ ಹಂದಿ ಶೌಚಾಲಯಗಳಿದ್ದವು. ಮಲ ಹಂದಿಯ ಪಾಲಾಗುತ್ತಿತ್ತು, ಜೊತೆಗೆ ಹೋಗುತ್ತಿದ್ದ ನೀರು ಒಂದು ಚೊಂಬಿನಷ್ಟು. ಬಾವಿಯವರೆಗೆ ಹರಿಯಲು ಅಲ್ಲಿ ನೀರೇ ಇರುತ್ತಿರಲಿಲ್ಲ. ಇಂದು ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಪೂರೈಕೆಯ ಲೆಕ್ಕ. ಐದು ಜನರಿಗೆ 675 ಲೀಟರ್ ಆಯಿತು. ಅಷ್ಟರಲ್ಲಿ ಬಹುಪಾಲು ಪ್ರತಿದಿನ ನೆಲಕ್ಕಿಳಿಯುತ್ತದೆ. ಹಳೆಯ ಹತ್ತು ಹೆಜ್ಜೆಯ ಲೆಕ್ಕ ಫ್ಲಶ್ ಬಂದ ದಿನವೇ ಮುಗಿಯಿತು.

ಮಲಪ್ರಭೆಯವರೇ, ನೆರೆಯವರು ಒಪ್ಪಿದರೆ ಅವರ ಬಾವಿಯ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ. ಐಎಸ್ 10500 ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲ ಸೇರಿದ್ದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮಾದರಿಯನ್ನು ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿಯಲ್ಲಿ ತೆಗೆದು, ತಂಪಾಗಿಟ್ಟು, ಅದೇ ದಿನ ತಲುಪಿಸಿ. ಖಾಲಿ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ತರುವವರ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿಸಬೇಕು, ಬೇಸಿಗೆಯಲ್ಲಿ ಸರಿಯಿದ್ದ ಎಷ್ಟೋ ಬಾವಿಗಳು ಜುಲೈನಲ್ಲಿ ಕೆಡುತ್ತವೆ. ಈಗಿನ ವರದಿ ಇನ್ನೊಂದಕ್ಕೂ ಬೇಕು. ನೀವು ಮನೆ ಕಟ್ಟಿದ ಮೇಲೆ ಬಾವಿ ಕೆಟ್ಟಿತು ಎಂಬ ದೂರು ಬಂದರೆ, ಮೊದಲು ಹೇಗಿತ್ತು ಎಂಬುದಕ್ಕೆ ಎರಡೂ ಕಡೆಯವರ ಬಳಿ ದಾಖಲೆ ಇರುತ್ತದೆ.

ಬಾಣಾವಲಿ ಉಸುಕು

ನಮ್ಮದು ಸಾಲ್ಸೇತಿನ ಕರಾವಳಿ, ಪೂರಾ ಮರಳು. ನೀರು ಇಂಗುವುದಿಲ್ಲ ಎಂಬ ದೂರು ಇಲ್ಲಿಲ್ಲ, ಇಂಗುವುದು ಅತಿಯಾಯಿತು ಎಂಬುದೇ ದೂರು. ಮಳೆಗಾಲದಲ್ಲಿ ಅರ್ಧಾಳು ಅಗೆದರೆ ನೀರು ಸಿಗುತ್ತದೆ. ಅಂತರ್ಜಲ 1.8 ಮೀಟರಿಗಿಂತ ಮೇಲೆ ಬರುವ ಕಡೆ ಗುಂಡಿ ತೋಡದೆ, ನೆಲದ ಮೇಲೆ ಮಣ್ಣಿನ ದಿಬ್ಬ ಕಟ್ಟಿ ಅದರೊಳಗೆ ಇಂಗಿಸುವ ಕಾಲುವೆ ಮಾಡಬೇಕು ಎಂದು ನಮ್ಮ ಎಂಜಿನಿಯರ್ ಹಟ ಹಿಡಿದು ಹಾಗೆಯೇ ಮಾಡಿಸಿದರು. ಅಂಗಳದಲ್ಲಿ ಸಮಾಧಿ ಕಟ್ಟಿದಂತೆ ಕಾಣುತ್ತದೆ ಎಂದು ಮಾವನವರು ಗೊಣಗುವುದು ಇನ್ನೂ ನಿಂತಿಲ್ಲ.

ಪಕ್ಕದ ಮನೆಯವರು ಅಗ್ಗವೆಂದು ಸಿದ್ಧ ಪ್ಲಾಸ್ಟಿಕ್ ಟ್ಯಾಂಕ್ ಹೂಳಿಸಿದರು. ಜುಲೈನಲ್ಲಿ ತುಂಬಿತೆಂದು ಖಾಲಿ ಮಾಡಿಸಿದ ರಾತ್ರಿಯೇ ಸುತ್ತಲಿನ ನೀರು ಅದನ್ನು ಮೇಲಕ್ಕೆತ್ತಿತು. ಪೈಪುಗಳು ಕಿತ್ತುಬಂದವು, ಹಾಸಿದ ಕಲ್ಲು ಪಕ್ಕಕ್ಕೆ ಸರಿಯಿತು. ನೀರು ಮೇಲೆ ಬರುವ ಕಡೆ ಪ್ಲಾಸ್ಟಿಕ್ ಟ್ಯಾಂಕಿಗೆ ತಳದಲ್ಲಿ ಕಾಂಕ್ರೀಟ್ ಹಾಸು ಹಾಕಿ ಬಿಗಿಯಬೇಕು. ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಿಸಲೂಬಾರದು.

ಮಲಪ್ರಭೆ

ಅಳೆದು ಬಂದೆ. ಬಾವಿ ಪೂರ್ವದ ಗಡಿಯಿಂದ ಸರಿಯಾಗಿ 5 ಮೀಟರ್ ಆಚೆ, ಅಗಲದ ನಡುಮಧ್ಯದಲ್ಲಿದೆ. ಅಂದರೆ 18 ಮೀಟರ್ ಬಿಡಬೇಕಾದರೆ ನಮ್ಮ ಜಾಗದ ಪೂರ್ವದ 13 ಮೀಟರಿನಲ್ಲಿ ಏನೂ ಇಂಗಿಸುವಂತಿಲ್ಲ. ಉಳಿಯುವುದು ರಸ್ತೆಯ ಕಡೆಯ 12 ಮೀಟರ್. ಏಜೆಂಟ್ ತೋರಿಸಿದ ಹಿತ್ತಲ ಮೂಲೆ ಲೆಕ್ಕದಿಂದಲೇ ಹೊರಗಾಯಿತು. ಆ ಮನೆಯ ಅಜ್ಜಿಯವರು ಬಾವಿ ನೀರನ್ನೇ ಕುಡಿಯುತ್ತಾರಂತೆ. ನಲ್ಲಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದರು.

ಮಣ್ಣಿನ ಪರೀಕ್ಷೆ ಮಾಡುವುದು ಹೇಗೆ, ಕರಣಿ ಅಣ್ಣ? ಮಾಲೀಕರು ಅಗೆಯಲು ಒಪ್ಪಿದ್ದಾರೆ.

ಕರಣಿ

ಒಪ್ಪಿದರೆಂದರೆ ಒಳ್ಳೆಯ ಲಕ್ಷಣ. ಅಗೆಯಲು ಬಿಡದ ಮಾಲೀಕನಿಂದ ಜಾಗ ಕೊಳ್ಳಬೇಡಿ.

ಇಂಗಿಸಬೇಕೆಂದಿರುವ ಆಳದವರೆಗೆ ದೊಡ್ಡ ಗುಂಡಿ ಇಳಿಸಿ, ಅದರ ತಳದಲ್ಲಿ ಒಂದು ಗೇಣಿನಷ್ಟು ಅಗಲದ ಸಣ್ಣ ಕುಳಿ ತೆಗೆಸಿ. ಹಾರೆ ತಾಗಿ ನುಣುಪಾದ ಗೋಡೆಯನ್ನು ಗೀಚಿ ಒರಟು ಮಾಡಿ, ಇಲ್ಲದಿದ್ದರೆ ಮೆತ್ತಿದ ಮಣ್ಣೇ ನೀರು ತಡೆಯುತ್ತದೆ. ತಳಕ್ಕೆ 5 ಸೆಂಟಿಮೀಟರ್ ದಪ್ಪ ಮರಳೋ ಸಣ್ಣ ಜಲ್ಲಿಯೋ ಹಾಕಿ. ಅದರ ಮೇಲೆ 30 ಸೆಂಟಿಮೀಟರ್ ನೀರು ನಿಲ್ಲುವಂತೆ ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಒಣ ಮಣ್ಣು ಮೊದಲು ಎಷ್ಟು ಸುರಿದರೂ ಕುಡಿಯುತ್ತದೆ, ಆ ಹಸಿವು ತೀರಿದ ಮೇಲಿನ ವೇಗ ನಮಗೆ ಬೇಕು. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅಡ್ಡ ಕೋಲಿನಿಂದ ಸ್ಕೇಲು ಇಳಿಬಿಟ್ಟು, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. ರಾತ್ರಿಯ ನೀರು ಪೂರ್ತಿ ಇಂಗಿದ್ದರೆ ಮತ್ತೆ ಮತ್ತೆ ತುಂಬುತ್ತ ನಾಲ್ಕು ಗಂಟೆ ನೋಡಿ ಕೊನೆಯ ಅರ್ಧ ಗಂಟೆಯ ಲೆಕ್ಕ ಹಿಡಿಯಬೇಕು. ಅರ್ಧ ಗಂಟೆಯೂ ನೀರು ನಿಲ್ಲದಿದ್ದರೆ ಹತ್ತು ಹತ್ತು ನಿಮಿಷಕ್ಕೆ ಒಂದು ಗಂಟೆ ನೋಡಿ.

25 ಮಿಲಿಮೀಟರ್ ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ನಡೆಯುತ್ತದೆ. 30ರಿಂದ 60 ನಿಮಿಷ ಹಿಡಿದರೆ ಉದ್ದದ ಕಾಲುವೆಗಳಲ್ಲಿ ಹರಡಬೇಕು. 60 ನಿಮಿಷ ದಾಟಿದರೆ ಆ ಮಣ್ಣನ್ನು ನಂಬದೆ ಟ್ಯಾಂಕಿನ ನಂತರ ಶೋಧಕ (ಫಿಲ್ಟರ್) ಕಟ್ಟಬೇಕು.

ಗುಂಡಿ ಒಂದೇ ತೆಗೆಸಬೇಡಿ. ರಸ್ತೆಯ ಕಡೆ ಒಂದು, ಕೆಳಗೆ ಒಂದು. ಅಗೆಯುವಾಗ ನಿಂತು ನೋಡಿ. ಕೆಂಪು ಮಣ್ಣಿನಲ್ಲಿ ಬೂದು ಬಣ್ಣದ ಮಚ್ಚೆಗಳು ಕಂಡ ಆಳದವರೆಗೆ ಮಳೆಗಾಲದಲ್ಲಿ ನೀರು ಏರಿ ನಿಲ್ಲುತ್ತದೆ ಎಂದು ತಿಳಿಯಿರಿ. ಅಜ್ಜಿಯ ಬಾವಿಯೊಳಗೆ ಬಗ್ಗಿ ನೋಡಿದರೆ ಕಲ್ಲಿನ ಮೇಲೆ ಪಾಚಿಯ ಗೆರೆಯೂ ಅದನ್ನೇ ಹೇಳುತ್ತದೆ.

ಮಾಂಡವಿ ದಂಡೆ

ನಡುವೆ ಬಾಯಿ ಹಾಕುತ್ತಿದ್ದೇನೆ. ತಿಸ್ವಾಡಿಯಲ್ಲಿ ಖಾಜನ್ ಪಕ್ಕ ಅಗ್ಗದ ಜಾಗ ಬಂದಿದೆ. ಮಣ್ಣು ತುಂಬಿಸಿ ಎತ್ತರಿಸಿ ಕೊಡುತ್ತಾರಂತೆ. ಅಲ್ಲಿ ಈ ಪರೀಕ್ಷೆ ನಡೆಯುತ್ತದೆಯೇ?

ವಾಸ್ಕೋ ಹಳಬ

ಖಾಜನ್ ಎಂದರೆ ಒಡ್ಡು ಕಟ್ಟಿ ಉಬ್ಬರದ ನೀರನ್ನು ಹೊರಗಿಟ್ಟ ಭೂಮಿ. ಅಡಿಯಲ್ಲಿ ಜೇಡಿ, ಅದರೊಳಗೆ ಉಪ್ಪುನೀರು. ತುಂಬಿಸಿದ ಮಣ್ಣಿನಲ್ಲಿ ಪರೀಕ್ಷೆ ಮಾಡಿದರೆ ಲಾರಿಯಲ್ಲಿ ಬಂದ ಮಣ್ಣಿನ ಗುಣ ಗೊತ್ತಾಗುತ್ತದೆ, ಜಾಗದ ಗುಣವಲ್ಲ. ಸೆಪ್ಟಿಕ್ ಟ್ಯಾಂಕಿನ ಮಾತು ಆಮೇಲೆ. ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಗದ್ದೆಗಳ ಹಸ್ತಾಂತರ ತಡೆಯುವ 2023ರ ಗೋವಾ ಕಾಯ್ದೆಯೂ ಇದೆ. ಅಲ್ಲಿಂದ ಕಾಲು ತೆಗೆಯಿರಿ.

ಮಲಪ್ರಭೆ

ಪರೀಕ್ಷೆ ಮುಗಿಯಿತು. ಫಲಿತಾಂಶ ನೋಡಿ ತಲೆ ಕೆಟ್ಟಿದೆ.

ರಸ್ತೆಯ ಕಡೆಯ ಗುಂಡಿಯಲ್ಲಿ ಮೊಣಕಾಲಿನಷ್ಟು ಮಣ್ಣು, ಆಮೇಲೆ ಚಿರೆಕಲ್ಲು (ಜಂಬಿಟ್ಟಿಗೆ). ಕಲ್ಲಿನ ತುಂಬ ಬೆರಳು ತೂರುವಷ್ಟು ದೊಡ್ಡ ತೂತುಗಳು. ಕುಳಿಗೆ ಸುರಿದ ನೀರು ಗುಳುಗುಳು ಸದ್ದು ಮಾಡುತ್ತ ಒಂದು ಬದಿಯ ತೂತಿನಿಂದ ಇಳಿದು ಹೋಯಿತು. ತುಂಬಿ ಇಡುವ ಮಾತೇ ಇಲ್ಲ, ಕೊಡ ಕೆಳಗಿಡುವಷ್ಟರಲ್ಲಿ ಖಾಲಿ. ಅಗೆಯಲು ಬಂದ ಹುಡುಗರು "ಭಾರಿ ಜಾಗ ಸಾಹೇಬರೇ, ಎಷ್ಟು ಬಿಟ್ಟರೂ ಕುಡಿಯುತ್ತದೆ" ಎಂದು ಖುಷಿಪಟ್ಟರು.

ಕೆಳಗಿನದರಲ್ಲಿ ಅದೇ ಆಳಕ್ಕೆ ಹೋಗುವ ಮುನ್ನವೇ ಬಿಳಿ-ಗುಲಾಬಿ ಬಣ್ಣದ, ಸಾಬೂನಿನಂತೆ ಜಾರುವ ಮಣ್ಣು ಸಿಕ್ಕಿತು. ರಾತ್ರಿ ತುಂಬಿದ ನೀರು ಬೆಳಿಗ್ಗೆಯೂ ಇತ್ತು. ಅರ್ಧ ಗಂಟೆಗೆ ಇಳಿದದ್ದು 8 ಮಿಲಿಮೀಟರ್, ಅಂದರೆ 25ಕ್ಕೆ ಹೆಚ್ಚುಕಡಿಮೆ 94 ನಿಮಿಷ. ಒಂದೇ ಜಾಗದಲ್ಲಿ ಹೀಗಾಗುತ್ತದೆಯೇ?

ಕರಣಿ

ಆಗುತ್ತದೆ. ಮೇಲೆ ಚಿರೆಕಲ್ಲು, ಅಡಿಯಲ್ಲಿ ನಿಮಗೆ ಸಿಕ್ಕ ಆ ಜಾರುವ ಶೇಡಿ ಮಣ್ಣು. ಕಾರವಾರದಿಂದ ಮಂಗಳೂರಿನವರೆಗೂ ಇದೇ ಕಥೆ. ಮೇಲಿನ ತುದಿಯಲ್ಲಿ ಕಲ್ಲು ದಪ್ಪವಿದೆ, ಕೆಳಗೆ ಇಳಿಜಾರು ಅದನ್ನು ಕೊರೆದುಕೊಂಡು ಹೋಗಿ ಶೇಡಿ ಹತ್ತಿರ ಬಂದಿದೆ.

ಆ ಹುಡುಗರ ಖುಷಿಯನ್ನು ನೀವು ಹಂಚಿಕೊಳ್ಳಬೇಡಿ. ಬೇಗ ಇಂಗಿದ ನೀರು ಸೋಸಿಕೊಳ್ಳಲಿಲ್ಲ ಎಂದೇ ಅರ್ಥ. ಕಲ್ಲಿನ ತೂತುಗಳಲ್ಲಿ ಅದು ಕೊಳವೆಯಲ್ಲಿ ಹರಿದಂತೆ ಇಳಿಯುತ್ತದೆ, ಶೇಡಿ ಸಿಕ್ಕಲ್ಲಿ ಕೆಳಗೆ ದಾರಿಯಿಲ್ಲದೆ ಅದರ ಬೆನ್ನಿನ ಮೇಲೆ ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬುಡದಲ್ಲಿ ಮಳೆಗಾಲದ ಒರತೆಗಳು ಏಳುವುದು ಹೀಗೆಯೇ. ನಿಮ್ಮ ಜಾಗದಲ್ಲಿ ಆ ಅಡ್ಡ ಹರಿವಿನ ಎದುರಿಗೆ ಇರುವುದು ಅಜ್ಜಿಯ ಬಾವಿ. ಮೇಲಿನ ತುದಿಯಲ್ಲಿ ಆಳದ ಇಂಗುಗುಂಡಿ ತೋಡಿದರೆ ಕಾಗದದ ಮೇಲೆ 18 ಮೀಟರ್ ದಾಟುತ್ತದೆ, ಪಂಚಾಯತ್ ಪರವಾನಗಿಗೆ ಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರಾಕ್ಷೇಪಣಾ ಪತ್ರವೂ ಸಿಗಬಹುದು. ನೀರು ಮಾತ್ರ ಟೇಪು ನೋಡಿ ಹರಿಯುವುದಿಲ್ಲ.

ಜಾಗ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಗುಂಡಿಯ ಯೋಚನೆ ಬಿಡಿ. ಎರಡು ಕೋಣೆಯ, ಒಳಗೆಲ್ಲ ಪ್ಲಾಸ್ಟರ್ ಮಾಡಿದ ಸೋರದ ಟ್ಯಾಂಕ್. ಅದರ ಮುಂದೆ ನೀರು ಕೆಳಗಿನಿಂದ ಮೇಲಕ್ಕೆ ಜಲ್ಲಿಯೊಳಗೆ ಏರಿ ಬರುವ ಶೋಧಕ. ಅಲ್ಲಿಂದ ರಸ್ತೆಯ ಕಡೆಯ 12 ಮೀಟರಿನೊಳಗೆ ಆಳವಿಲ್ಲದ ಕಾಲುವೆಗಳು. ಕಲ್ಲನ್ನು ಕಡಿದು ತೆಗೆದು, ಆ ಜಾಗಕ್ಕೆ ಮರಳು ಬೆರೆಸಿದ ಮಣ್ಣಿನ ದಪ್ಪ ಹಾಸು ತುಂಬಿ, ಅದರ ಮೇಲೆ ಜಲ್ಲಿ, ತೂತಿನ ಪೈಪು. ಸೋಸುವ ಮಣ್ಣು ನೆಲದಲ್ಲಿಲ್ಲ, ಆದ್ದರಿಂದ ನಾವೇ ತಂದು ಹಾಕುವುದು. ಖರ್ಚು ಮಾಮೂಲಿ ಗುಂಡಿಗಿಂತ ಬಹಳ ಹೆಚ್ಚು. ಅದನ್ನು ಜಾಗದ ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ.

ಇದರಿಂದ ಮನೆಯ ನಕ್ಷೆಯೂ ಬದಲಾಗುತ್ತದೆ. ಕಾಲುವೆ ಮೇಲೆ, ಮನೆ ಕೆಳಗೆ. ಹಿಂಭಾಗದಲ್ಲಿ ಶೌಚಾಲಯ ಇಟ್ಟರೆ ಅಲ್ಲಿನ ನೀರು ರಸ್ತೆಯ ಕಡೆಗೆ ಇಳಿಯುತ್ತ ಬರುವಷ್ಟರಲ್ಲಿ ಪೈಪು ಒಂದೂವರೆ ಮೀಟರ್ ಆಳಕ್ಕೆ ಹೋಗಿರುತ್ತದೆ, ಆಳವಿಲ್ಲದ ಕಾಲುವೆಯ ಮಾತೇ ಇರುವುದಿಲ್ಲ. ಶೌಚಾಲಯ, ಬಚ್ಚಲು, ಅಡುಗೆಮನೆ ಎಲ್ಲವನ್ನೂ ಪಶ್ಚಿಮದ ಗೋಡೆಗೆ ತನ್ನಿ, ಅಡಿಪಾಯವನ್ನು ರಸ್ತೆಯ ಮಟ್ಟಕ್ಕಿಂತ ಎತ್ತರಿಸಿ. ಅದೂ ಸಾಲದಿದ್ದರೆ ಸಣ್ಣ ಪಂಪು ಬೇಕಾಗುತ್ತದೆ. ಕರೆಂಟು ಹೋದ ಮಳೆಗಾಲದ ರಾತ್ರಿ ಪಂಪಿನ ಗತಿ ಏನೆಂದು ಯೋಚಿಸಿಯೇ ಒಪ್ಪಿಕೊಳ್ಳಿ. ಚಾವಣಿಯ ಮಳೆನೀರನ್ನು ಟ್ಯಾಂಕಿಗೂ ಕಾಲುವೆಗೂ ಸೇರಿಸಬೇಡಿ, ಗೋವೆಯ ಮಳೆಗೆ ಯಾವ ಟ್ಯಾಂಕೂ ನಿಲ್ಲುವುದಿಲ್ಲ.

ಅಮ್ಮನ ಬಾವಿ ಬೇಡ. ನಿಮ್ಮ ಕಾಲುವೆಯಿಂದ ಈಶಾನ್ಯ ಮೂಲೆಗೆ 20 ಮೀಟರ್ ಸಿಕ್ಕೀತು, ಆದರೆ ಅದು ಕೂಡ ಇಳಿಜಾರಿನ ಕೆಳಗೇ.

ಅಂಜುನಾ ದಾರಿ

ಬ್ಯಾಕ್ಟೀರಿಯಾಗಳಿಂದ ಮಲ ಕರಗಿಸುವ ಬಯೋ ಡೈಜೆಸ್ಟರ್ ತೊಟ್ಟಿ ಹಾಕಿಸಿದರೆ ಇದಾವುದೂ ಬೇಡ ಎಂದು ಮಾರುವವರು ಹೇಳುತ್ತಾರಲ್ಲ?

ಶಿರಸಿಯ ಸೊಸೆ

ಮಲ ಕರಗಬಹುದು, ನೀರು ಎಲ್ಲಿಗೆ ಹೋಗುತ್ತದೆ? ದಿನಕ್ಕೆ ಅಷ್ಟು ಲೀಟರ್ ಒಳಗೆ ಹೋದರೆ ಅಷ್ಟೇ ಹೊರಗೆ ಬರಬೇಕು. ಹೊರಬಂದ ನೀರಿನ ಪರೀಕ್ಷಾ ವರದಿ ಕೇಳಿ, ಅದರಲ್ಲಿ ಇ. ಕೋಲಿಯ ಬಳಗದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆ ಬರೆದಿದೆಯೇ ನೋಡಿ.

ಬಾಣಾವಲಿ ಉಸುಕು

ಇನ್ನೊಂದು, ಯಾರೂ ಹೇಳಲಿಲ್ಲ. ಹೂಳು ಹೀರುವ ಟ್ಯಾಂಕರ್ ನಿಮ್ಮ ಬೀದಿಗೆ ಬರುತ್ತದೆಯೇ? ನಮ್ಮ ಕಡೆ ಎರಡು ಕಾಂಪೌಂಡುಗಳ ನಡುವೆ ಕಾರೇ ಕಷ್ಟದಲ್ಲಿ ತೂರುತ್ತದೆ. ಟ್ಯಾಂಕರಿನವರನ್ನು ಕರೆಸಿ, ಲಾರಿ ನಿಲ್ಲುವ ಜಾಗದಿಂದ ಟ್ಯಾಂಕಿನ ಮುಚ್ಚಳದವರೆಗೆ ಅವರ ಪೈಪು ಎಟುಕುತ್ತದೆಯೇ ಎಂದು ಕೇಳಿ. ಎಟುಕದ ಕಡೆ ಜನರನ್ನು ಇಳಿಸುವ ಆಲೋಚನೆ ಬರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಒಳಗಿನ ಅನಿಲಕ್ಕೆ ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಇಂಥ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿಗೆ ಕಡಿಮೆ ಇರಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಮಲಪ್ರಭೆ

ಟ್ಯಾಂಕರ್ ವಿಚಾರದಲ್ಲಿ ತೊಂದರೆಯಿಲ್ಲ, ಎಲ್ಲವೂ ರಸ್ತೆಯ ಕಡೆಗೇ ಬರುತ್ತದೆ.

ಮಾಲೀಕರೊಂದಿಗೆ ಮಾತಾಯಿತು. ಎರಡೂ ಗುಂಡಿಗಳ ಫೋಟೋ, ಅಳತೆ, ಅಜ್ಜಿಯ ಬಾವಿಯ ವರದಿ ಮುಂದಿಟ್ಟೆ. ಬಾವಿಯಲ್ಲಿ ಸದ್ಯಕ್ಕೆ ಇ. ಕೋಲಿ ಇಲ್ಲ. ಏಜೆಂಟ್ ಮುಖ ಗಂಟು ಹಾಕಿದ. ಮಾಲೀಕರು ಶೋಧಕ ಮತ್ತು ಮಣ್ಣಿನ ಹಾಸಿನ ಅಂದಾಜು ಖರ್ಚಿನಲ್ಲಿ ಅರ್ಧವನ್ನು ಬೆಲೆಯಲ್ಲಿ ಇಳಿಸಲು ಒಪ್ಪಿದ್ದಾರೆ. ಕರಾರಿನಲ್ಲಿ ಎರಡು ಷರತ್ತು ಬರೆಸುತ್ತಿದ್ದೇವೆ. ಆಗಸ್ಟ್‌ನಲ್ಲಿ ಮೇಲಿನ ಗುಂಡಿಯನ್ನು ಮತ್ತೆ ತೆರೆದು ನೋಡುತ್ತೇವೆ, 1.8 ಮೀಟರಿನೊಳಗೆ ನೀರು ನಿಂತಿದ್ದರೆ ಮುಂಗಡ ವಾಪಸು. ಈ ವಿನ್ಯಾಸಕ್ಕೆ ಪರವಾನಗಿ ಸಿಗದಿದ್ದರೂ ವಾಪಸು. ಹೀಗಾಗಿ ನೋಂದಣಿ ಸೆಪ್ಟೆಂಬರಿಗೆ ಹೋಯಿತು.

ಅಮ್ಮನಿಗೆ ಬಾವಿಯ ವಿಷಯ ಇನ್ನೂ ಹೇಳಿಲ್ಲ. ಕರಣಿ ಅಣ್ಣ, ಆಗಸ್ಟ್‌ನಲ್ಲಿ ಗುಂಡಿ ತೆರೆಯುವ ದಿನ ನೀವು ಬರಲಾದೀತೇ?

ಕರಣಿ

ಬರುತ್ತೇನೆ. ಗುಂಡಿಗೆ ಈಗಲೇ ತೂತು ಕೊರೆದ ಪೈಪು ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ ಮುಚ್ಚಿಬಿಡಿ, ಬಾಯಿಗೆ ಮುಚ್ಚಳ ಹಾಕಿ. ಆಗ ಮತ್ತೆ ಅಗೆಯುವುದು ಬೇಡ. ಜೂನ್‌ನಿಂದಲೇ ವಾರಕ್ಕೊಮ್ಮೆ ಕೋಲು ಇಳಿಸಿ ನೋಡಬಹುದು. ಜೋರು ಮಳೆಯ ಮರುದಿನ ಎಷ್ಟಿತ್ತು, ಮಳೆ ನಿಂತ ಎರಡನೆಯ ದಿನ ಎಷ್ಟಿತ್ತು, ಎರಡನ್ನೂ ಬರೆದಿಡಿ.